ನೀರನ್ನು ಅಳೆದು ಹಂಚಿದ ಇಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಮತ್ತು ಕೃಷಿಕರಿಗೆ ಅದರ ಪಾಠ

ಪೀಠಿಕೆ

ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರು ಪಶ್ಚಿಮ ಘಟ್ಟದ ಬುಡದಲ್ಲಿರುವ ಗ್ರಾಮ. ಇಲ್ಲಿನ ಕೃಷಿಕರಿಗೆ ಮಳೆಗಾಲದಲ್ಲಿ ತೋಟಕ್ಕೆ ನುಗ್ಗುವ ನೀರನ್ನು ಹೊರಹಾಕುವುದು ಚಿಂತೆಯಾದರೆ, ಬೇಸಿಗೆಯಲ್ಲಿ ತೋಡುಗಳು ಬತ್ತತೊಡಗಿದಾಗ ಅದೇ ತೋಟಕ್ಕೆ ನೀರುಣಿಸುವುದು ಚಿಂತೆ. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು ಮತ್ತು ಕಲ್ಮಕಾರು ಭಾಗಗಳಲ್ಲಿ ಸುರಿದ ಭಾರೀ ಮಳೆ, ಗುಡ್ಡ ಕುಸಿತ ಮತ್ತು ಪ್ರವಾಹಗಳ ನೆನಪು ಇಲ್ಲಿನ ಜನರಿಗೆ ಇನ್ನೂ ಮಾಸಿಲ್ಲ. ಇಂತಹ ಊರುಗಳಲ್ಲಿ ಕುಟುಂಬವೊಂದು ಬಡತನಕ್ಕೆ ಜಾರಲು ಭೂಮಿಯ ಕೊರತೆಯೊಂದೇ ಕಾರಣವಲ್ಲ. ನೀರು ಬೇಡದ ಕಾಲದಲ್ಲಿ ಬಂದು ಬೇಕಾದ ಕಾಲದಲ್ಲಿ ಇಲ್ಲವಾಗುವುದು ಮತ್ತು ಬೆಳೆದ ಫಸಲನ್ನು ಸಾಗಿಸಲು ದಾರಿಯಿಲ್ಲದಿರುವುದು ಕೂಡ ಅಷ್ಟೇ ಪ್ರಬಲ ಕಾರಣಗಳು. ಇವೆರಡೂ ಇಂಜಿನಿಯರ್‌ನ ಕಾರ್ಯಕ್ಷೇತ್ರಕ್ಕೆ ಸೇರಿದ ಸಮಸ್ಯೆಗಳು.

ಬಡತನ ನಿವಾರಣೆಯಲ್ಲಿ ಇಂಜಿನಿಯರ್‌ಗಳ ಪಾತ್ರವೇನು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲೇ ದೊರೆಯುವ ಉತ್ತಮ ಉದಾಹರಣೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನ. ಅವರನ್ನು ಕನ್ನಂಬಾಡಿ ಕಟ್ಟೆಯ ನಿರ್ಮಾತೃವೆಂದು ಎಲ್ಲರೂ ಬಲ್ಲರು. ಆದರೆ ಬೇಸಾಯ ವಿಜ್ಞಾನದ ದೃಷ್ಟಿಯಿಂದ ನೋಡಿದಾಗ, ಅವರು ನೀರನ್ನು ತಡೆದು ನಿಲ್ಲಿಸಿದ್ದಕ್ಕಿಂತ, ನಿಂತ ನೀರನ್ನು ಹೆಚ್ಚು ಜನರಿಗೆ ಹಂಚಲು ರೂಪಿಸಿದ ಕ್ರಮವೇ ಹೆಚ್ಚು ಮಹತ್ವದ್ದೆನಿಸುತ್ತದೆ. ಈ ಲೇಖನದಲ್ಲಿ ಅವರ ಜೀವನವನ್ನು ಆ ದೃಷ್ಟಿಯಿಂದ ನಿರೂಪಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಜನಿಸಿದರು. ಆ ದಿನವನ್ನೇ ಇಂದು ದೇಶದಾದ್ಯಂತ ಇಂಜಿನಿಯರ್‌ಗಳ ದಿನವನ್ನಾಗಿ ಆಚರಿಸಲಾಗುತ್ತಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಬಾಲಕ ವಿಶ್ವೇಶ್ವರಯ್ಯ ಇನ್ನೂ ಶಾಲೆಯಲ್ಲಿರುವಾಗಲೇ ಅವರು ನಿಧನರಾದುದರಿಂದ ಕುಟುಂಬದ ಸ್ಥಿತಿ ಕಷ್ಟಕರವಾಯಿತು. ಮುಂದೆ ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ವಿದ್ಯಾಭ್ಯಾಸ ಮುಂದುವರಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, 1883ರಲ್ಲಿ ಪ್ರಥಮ ಸ್ಥಾನದೊಂದಿಗೆ ತೇರ್ಗಡೆಯಾದರು.

ಅವರ ವಿದ್ಯಾರ್ಥಿ ಜೀವನದ ಕಾಲವು ಬರಗಾಲದ ಕಾಲವೂ ಆಗಿತ್ತು. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. ಅಂದಿನ ಕೃಷಿಯು ಬಹುಪಾಲು ಮಳೆಯನ್ನೂ ಕೆರೆಗಳನ್ನೂ ಅವಲಂಬಿಸಿತ್ತು. ಸತತವಾಗಿ ಮಳೆ ಕೈಕೊಟ್ಟಾಗ ಕೆರೆಗಳು ಬತ್ತಿ, ಧಾನ್ಯವೂ ಕೂಲಿಯೂ ಒಟ್ಟಿಗೆ ಇಲ್ಲವಾಗುತ್ತಿದ್ದವು. ಆ ಪೀಳಿಗೆಯ ಇಂಜಿನಿಯರ್‌ಗಳಿಗೆ ನೀರಾವರಿಯು ಜನರ ಜೀವ ಉಳಿಸುವ ಕಾರ್ಯವಾಗಿತ್ತು.

ಮುಂಬಯಿ ಪ್ರಾಂತದ ಸೇವೆ

1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇವೆಗೆ ಸೇರಿದರು. ನಾಸಿಕ್, ಖಾಂದೇಶ್, ಸೂರತ್, ಪುಣೆ ಮೊದಲಾದೆಡೆ ಕಾರ್ಯನಿರ್ವಹಿಸಿದರು. ಇಂದು ಪಾಕಿಸ್ತಾನದಲ್ಲಿರುವ ಸಿಂಧ್‌ನ ಸುಕ್ಕೂರಿನಲ್ಲಿ 1890ರ ದಶಕದಲ್ಲಿ ಕುಡಿಯುವ ನೀರಿನ ಯೋಜನೆಯನ್ನು ಕೈಗೊಂಡಾಗ, ಸಿಂಧೂ ನದಿಯ ಕೆಸರು ನೀರನ್ನು ಶುದ್ಧೀಕರಿಸುವುದು ಸಮಸ್ಯೆಯಾಗಿತ್ತು. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿ, ಮರಳಿನ ಮೂಲಕ ಸೋಸಿ ಬರುವ ತಿಳಿನೀರನ್ನು ಪಡೆಯುವ ವ್ಯವಸ್ಥೆ ಮಾಡಿದರು. ಇದ್ದ ನೈಸರ್ಗಿಕ ಸೌಲಭ್ಯವನ್ನೇ ಬಳಸಿ ವೆಚ್ಚ ತಗ್ಗಿಸುವ ಈ ಸ್ವಭಾವ ಅವರ ಮುಂದಿನ ಕೆಲಸಗಳಲ್ಲೂ ಕಂಡುಬರುತ್ತದೆ.

ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಇದಕ್ಕೆ ಮತ್ತೊಂದು ನಿದರ್ಶನ. ಮಳೆಗಾಲದಲ್ಲಿ ಕೋಡಿಯ ಮೇಲಿಂದ ಹರಿದು ಹೋಗುತ್ತಿದ್ದ ನೀರನ್ನು ಉಳಿಸಿಕೊಳ್ಳಬೇಕಾದರೆ ಅಣೆಕಟ್ಟನ್ನು ಎತ್ತರಿಸಬೇಕಾಗಿತ್ತು. ಹಳೆಯ ಕಟ್ಟಡಕ್ಕೆ ಅದು ಅಪಾಯಕಾರಿಯಾಗಿತ್ತು. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಂಡು, ಮಟ್ಟ ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ವಿಶ್ವೇಶ್ವರಯ್ಯನವರು ವಿನ್ಯಾಸಗೊಳಿಸಿದರು. ಇದರಿಂದ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿಗಳಷ್ಟು ಹೆಚ್ಚುವರಿ ನೀರನ್ನು ಸಂಗ್ರಹಿಸಲು ಸಾಧ್ಯವಾಯಿತು.

ನೀರಾ ನಾಲೆಯ ಬ್ಲಾಕ್ ಪದ್ಧತಿ

ಕೃಷಿಕರು ವಿಶೇಷವಾಗಿ ಗಮನಿಸಬೇಕಾದುದು ಪುಣೆ ಜಿಲ್ಲೆಯ ನೀರಾ ನಾಲೆಯಲ್ಲಿ ಅವರು ಮಾಡಿದ ಕೆಲಸ. ಬರಪೀಡಿತ ದಖ್ಖನ್ ಪ್ರದೇಶಕ್ಕೆ ರಕ್ಷಣೆ ಒದಗಿಸಲೆಂದು ನಿರ್ಮಿಸಿದ ಆ ನಾಲೆಯ ನೀರು ಕೆಲವೇ ಭಾಗಗಳ ಕಬ್ಬಿನ ಬೆಳೆಗೆ ಹೆಚ್ಚಾಗಿ ಬಳಕೆಯಾಗುತ್ತಿತ್ತು. ಕಬ್ಬಿಗೆ ವರ್ಷವಿಡೀ ನೀರು ಬೇಕು. ಜೋಳದಂತಹ ಬೆಳೆಗೆ ಕೆಲವು ತಿಂಗಳು ಸಾಕು. ನಾಲೆಯ ತಲೆಭಾಗದಲ್ಲಿ ಅತಿಯಾಗಿ ನೀರು ಹಾಯಿಸಿದ ಜಮೀನುಗಳು ಜೌಗಾಗುತ್ತಿದ್ದರೆ, ಸ್ವಲ್ಪ ದೂರದ ಗ್ರಾಮಗಳಲ್ಲಿ ಒಂದೆರಡು ಬಾರಿ ನೀರು ಸಿಕ್ಕಿದ್ದರೆ ಉಳಿಯಬಹುದಾಗಿದ್ದ ಬೆಳೆ ಒಣಗುತ್ತಿತ್ತು.

19ನೇ ಶತಮಾನದ ಕೊನೆಯಲ್ಲಿ, ದಖ್ಖನ್ ಮತ್ತೆ ಬರಗಾಲಕ್ಕೆ ತುತ್ತಾಗಿದ್ದ ಸಂದರ್ಭದಲ್ಲಿ, ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಇದರ ಮುಖ್ಯ ಅಂಶಗಳು ಹೀಗಿವೆ:

• ನಾಲೆಯ ನೀರನ್ನು ಕೆಲವೇ ಕಡೆ ಬಳಸದೆ, ಹಲವು ಗ್ರಾಮಗಳಲ್ಲಿ ಆಯ್ದ ಉತ್ತಮ ಮಣ್ಣಿನ ಪ್ರದೇಶಗಳನ್ನು ಬ್ಲಾಕ್‌ಗಳಾಗಿ ಗುರುತಿಸುವುದು.

• ಪ್ರತಿ ಬ್ಲಾಕಿನ ಸುಮಾರು ಮೂರನೇ ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದ ಭಾಗದಲ್ಲಿ ಕಡಿಮೆ ನೀರು ಬೇಡುವ ಹಂಗಾಮಿ ಬೆಳೆಗಳನ್ನು ಬೆಳೆಯುವುದು.

• ವರ್ಷದಿಂದ ವರ್ಷಕ್ಕೆ ಕಬ್ಬಿನ ಭಾಗವನ್ನು ಬದಲಿಸಿ, ಬೆಳೆ ಪರಿವರ್ತನೆಯನ್ನು ಕಾಯ್ದುಕೊಳ್ಳುವುದು.

• ನೀರಿನ ಪರವಾನಗಿಯನ್ನು ಹಲವು ವರ್ಷಗಳ ಅವಧಿಗೆ ನೀಡಿ, ರೈತನಿಗೆ ನೀರಿನ ಭರವಸೆ ಒದಗಿಸುವುದು.

ಆರಂಭದಲ್ಲಿ ಈ ಪದ್ಧತಿಗೆ ಕೃಷಿಕರಿಂದ ವಿರೋಧ ವ್ಯಕ್ತವಾಯಿತು. ಬೇಕೆಂದಾಗ ಬೇಕಾದಷ್ಟು ನೀರು ಪಡೆಯುತ್ತಿದ್ದವರಿಗೆ ಇದು ನಿರ್ಬಂಧವಾಗಿ ಕಂಡುದು ಸಹಜ. ಕೃಷಿಕರೊಡನೆ ಮಾತುಕತೆ ನಡೆಸಿ, ಪದ್ಧತಿಯ ಪ್ರಯೋಜನವನ್ನು ವಿವರಿಸಿದ ನಂತರ ಅದು ಜಾರಿಗೆ ಬಂದಿತು. 1901ರಿಂದ 1903ರವರೆಗೆ ಕಾರ್ಯನಿರ್ವಹಿಸಿದ ಭಾರತೀಯ ನೀರಾವರಿ ಆಯೋಗವೂ ಇದನ್ನು ಮೆಚ್ಚಿತು.

ಬೇಸಾಯದ ದೃಷ್ಟಿಯಿಂದ ಈ ಪದ್ಧತಿಯಲ್ಲಿ ಮೂರು ಗುಣಗಳಿವೆ. ಒಂದೇ ಪ್ರಮಾಣದ ನೀರು ಹೆಚ್ಚು ಕುಟುಂಬಗಳನ್ನು ತಲುಪುತ್ತದೆ. ಬೆಳೆ ಬದಲಾಗುವುದರಿಂದ ಮಣ್ಣಿನ ಫಲವತ್ತತೆ ಉಳಿಯುತ್ತದೆ. ಅತಿಯಾದ ನೀರಾವರಿ ತಪ್ಪುವುದರಿಂದ ಜೌಗು, ಸವಳು ಮತ್ತು ಅಂದಿನ ದೊಡ್ಡ ಪಿಡುಗಾಗಿದ್ದ ಮಲೇರಿಯಾ ಕಡಿಮೆಯಾಗುತ್ತವೆ. ಇಷ್ಟೆಲ್ಲವೂ ಹೊಸ ಅಣೆಕಟ್ಟು ಕಟ್ಟದೆ, ಕೇವಲ ಹಂಚಿಕೆಯ ಕ್ರಮವನ್ನು ಬದಲಿಸಿದುದರಿಂದ ಸಾಧ್ಯವಾದವು ಎಂಬುದನ್ನು ಗಮನಿಸಬೇಕು.

ಹೈದರಾಬಾದಿನಿಂದ ಕನ್ನಂಬಾಡಿಗೆ

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದ್ ನಗರದಲ್ಲಿ ಸಾವಿರಾರು ಜನರ ಪ್ರಾಣ ತೆಗೆದಿತ್ತು. ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಅಲ್ಲಿಗೆ ತೆರಳಿದ ಅವರು, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಿ ಪ್ರವಾಹವನ್ನು ತಡೆಯುವ ಯೋಜನೆಯನ್ನು ಸಿದ್ಧಪಡಿಸಿದರು. ಮುಂದೆ ನಿರ್ಮಾಣಗೊಂಡ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಪ್ರವಾಹವನ್ನು ತಡೆಯುವುದರ ಜೊತೆಗೆ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಕಾವೇರಿಗೆ ಕನ್ನಂಬಾಡಿಯ ಬಳಿ ಅಣೆಕಟ್ಟು ಕಟ್ಟುವ ಯೋಜನೆಗೆ ಎರಡು ಉದ್ದೇಶಗಳಿದ್ದವು. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ವರ್ಷವಿಡೀ ಸಮನಾದ ಹರಿವನ್ನು ಒದಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ನಿರಂತರ ವಿದ್ಯುತ್ ಪೂರೈಸುವುದು ಮೊದಲನೆಯದು. ಮಂಡ್ಯ ಭಾಗದ ಒಣಭೂಮಿಗೆ ನೀರುಣಿಸುವುದು ಎರಡನೆಯದು. ವಿದ್ಯುತ್ತಿನಿಂದ ಬರುವ ಆದಾಯವು ಯೋಜನೆಯ ವೆಚ್ಚಕ್ಕೆ ಆಧಾರವಾಗಬೇಕಿತ್ತು. ಸಂಸ್ಥಾನದ ಆದಾಯಕ್ಕೆ ಹೋಲಿಸಿದರೆ ಬಹು ದೊಡ್ಡದಾಗಿದ್ದ ಈ ವೆಚ್ಚಕ್ಕೆ ಆಕ್ಷೇಪಣೆಗಳಿದ್ದರೂ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ನೀಡಿದರು. 1911ರಲ್ಲಿ ಕಾಮಗಾರಿ ಆರಂಭವಾಯಿತು.

ಕೆಳಭಾಗದ ಮದ್ರಾಸ್ ಸರ್ಕಾರವು ತನ್ನ ಮುಖಜಭೂಮಿಯ ನೀರಾವರಿಗೆ ಧಕ್ಕೆಯಾಗುವುದೆಂದು ಆಕ್ಷೇಪಿಸಿ, ಮೊದಲಿಗೆ ಕಡಿಮೆ ಎತ್ತರದ ಕಟ್ಟೆಗೆ ಮಾತ್ರ ಸಮ್ಮತಿಸಿತು. ವಿಶ್ವೇಶ್ವರಯ್ಯನವರು ಮುಂದಿನ 124 ಅಡಿ ಎತ್ತರವನ್ನು ತಾಳಿಕೊಳ್ಳಬಲ್ಲಂತೆ ಅಡಿಪಾಯವನ್ನು ಹಾಕಿಸಿದರು. ವಿವಾದವು ಹಲವು ಹಂತಗಳನ್ನು ದಾಟಿ 1924ರ ಒಪ್ಪಂದದಲ್ಲಿ ಕೊನೆಗೊಂಡಿತು. ಆಮದು ಸಿಮೆಂಟು ದುಬಾರಿಯಾಗಿದ್ದ ಆ ಕಾಲದಲ್ಲಿ, ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣವನ್ನು ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟೆಯನ್ನು ನಿರ್ಮಿಸಲಾಯಿತು. ಕಾಮಗಾರಿಯು ಸುಮಾರು ಎರಡು ದಶಕಗಳ ಕಾಲ ನಡೆಯಿತು. ಅನೇಕ ಇಂಜಿನಿಯರ್‌ಗಳು ಮತ್ತು ಸಹಸ್ರಾರು ಕಾರ್ಮಿಕರು ಇದರಲ್ಲಿ ದುಡಿದರು. ಕನ್ನಂಬಾಡಿಯೂ ಸೇರಿದಂತೆ ಹಲವು ಗ್ರಾಮಗಳು ಮುಳುಗಡೆಯಾಗಿ, ಅಲ್ಲಿನ ಕುಟುಂಬಗಳು ಊರು ಬಿಟ್ಟವು. ಒಂದು ಪ್ರದೇಶದ ಬಡತನ ನೀಗಿಸಲು ಮತ್ತೊಂದು ಪ್ರದೇಶದ ಜನರು ತೆತ್ತ ಬೆಲೆಯನ್ನೂ ಈ ಯೋಜನೆಯ ಲೆಕ್ಕದಲ್ಲಿ ಸೇರಿಸಬೇಕು.

ದಿವಾನರಾಗಿ

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಬಡತನಕ್ಕೆ ನೀರಿನ ಅಭಾವದ ಜೊತೆಗೆ ಶಿಕ್ಷಣ, ಸಾಲ ಮತ್ತು ಉದ್ಯೋಗದ ಅಭಾವವೂ ಕಾರಣವೆಂಬುದು ಅವರ ದೃಢ ಅಭಿಪ್ರಾಯವಾಗಿತ್ತು. 1911ರಲ್ಲಿ ಆರಂಭವಾಗಿದ್ದ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಶಿಕ್ಷಣ ಮತ್ತು ಕೈಗಾರಿಕೆಗಳಿಗೆ ಪ್ರತ್ಯೇಕ ಸಮಿತಿಗಳನ್ನು ಹೊಂದಿತ್ತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಶ್ರೀಗಂಧದ ಎಣ್ಣೆ ಕಾರ್ಖಾನೆ, ಸಾಬೂನು ಕಾರ್ಖಾನೆ ಮತ್ತು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಳಿಗೆ ಅಡಿಪಾಯ ಬಿದ್ದುದು ಈ ಅವಧಿಯಲ್ಲಿಯೇ. ಗ್ರಾಮ ಸುಧಾರಣೆ ಮತ್ತು ಮಲೆನಾಡು ಸುಧಾರಣೆಯ ಯೋಜನೆಗಳೂ ಜಾರಿಗೆ ಬಂದವು.

ಕೃಷಿ ಶಿಕ್ಷಣಕ್ಕೂ ಇದೇ ಕಾಲದಲ್ಲಿ ಬಲ ಬಂದಿತು. ಹೆಬ್ಬಾಳದ ಪ್ರಯೋಗ ಕ್ಷೇತ್ರದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದೇ ಮುಂದೆ ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಉದಯಕ್ಕೆ ನೆಲೆಯಾಯಿತು. ಸಂಸ್ಥಾನದ ಕೃಷಿ ಇಲಾಖೆಯನ್ನು ಮುನ್ನಡೆಸಿದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮಲೆನಾಡಿನ ಬೆಳೆಗಾರರಲ್ಲಿ ಪ್ರಚುರಪಡಿಸಿದರು. ಆ ಕಾಲದಲ್ಲಿ ಸುಳ್ಯ, ಪುತ್ತೂರು ಭಾಗಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ವಿಶ್ವೇಶ್ವರಯ್ಯನವರ ಕಾಲುವೆಗಳಾಗಲಿ ಕಾರ್ಖಾನೆಗಳಾಗಲಿ ಕೊಲ್ಲಮೊಗ್ರಿನತ್ತ ಬರಲಿಲ್ಲ. ಆದರೆ ಘಟ್ಟದ ಮೇಲೆ ಬೇರೂರಿದ ಈ ಸಿಂಪರಣೆಯ ಕ್ರಮ ಇಂದು ನಮ್ಮ ತೋಟಗಳಲ್ಲೂ ಪ್ರತಿ ಮಳೆಗಾಲದ ಕೆಲಸವಾಗಿದೆ.

1918ರ ಕೊನೆಯಲ್ಲಿ ಅವರು ದಿವಾನಗಿರಿಯನ್ನು ತ್ಯಜಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ಕುರಿತು ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದುದಕ್ಕೆ ಅವರ ಸಹಮತವಿರಲಿಲ್ಲ. ಎಲ್ಲರಿಗೂ ಶಿಕ್ಷಣ ದೊರೆತರೆ ಸಾಕು, ಆಯ್ಕೆ ಅರ್ಹತೆಯಿಂದಲೇ ಆಗಬೇಕೆಂಬುದು ಅವರ ನಿಲುವು. ಆದರೆ ಶತಮಾನಗಳಿಂದ ವಿದ್ಯೆಯಿಂದಲೇ ದೂರವಿದ್ದವರಿಗೆ ಅಷ್ಟರಿಂದ ನ್ಯಾಯ ದೊರೆಯದೆಂದು ಮಹಾರಾಜರೂ ಹಿಂದುಳಿದ ಸಮುದಾಯಗಳ ಮುಖಂಡರೂ ಭಾವಿಸಿದ್ದರು. ನೀರಿನ ವಿಷಯದಲ್ಲಿ ಕಾಲುವೆಯ ತುದಿಯವನ ಪರವಾಗಿ ನಿಂತ ವಿಶ್ವೇಶ್ವರಯ್ಯನವರು ಅಧಿಕಾರದ ಹಂಚಿಕೆಯಲ್ಲಿ ಅದೇ ತತ್ವವನ್ನು ಒಪ್ಪಲಿಲ್ಲ. ಅವರ ಜೀವನವನ್ನು ಪೂರ್ಣವಾಗಿ ತಿಳಿಯಲು ಇದನ್ನೂ ಅರಿತಿರಬೇಕು.

ಮಂಡ್ಯದ ಫಲ ಮತ್ತು ಕೊರತೆ

ಅವರ ಅಧಿಕಾರಾವಧಿಯ ನಂತರ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಇರ್ವಿನ್ ನಾಲೆ ಪೂರ್ಣಗೊಂಡಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಸುಮಾರು 1.2 ಲಕ್ಷ ಎಕರೆಗೆ ನೀರುಣಿಸುವ ಗುರಿಯ ಈ ನಾಲೆಗೂ ಬ್ಲಾಕ್ ಪದ್ಧತಿಯನ್ನೇ ಯೋಜಿಸಲಾಗಿತ್ತು. 1930ರ ದಶಕದ ಆರಂಭದಲ್ಲಿ ಮಂಡ್ಯದಲ್ಲಿ ಕೃಷಿ ಸಂಶೋಧನಾ ಕ್ಷೇತ್ರವೂ, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಆರಂಭವಾದವು. ನೀರು, ಸಂಶೋಧನೆ ಮತ್ತು ಮಾರುಕಟ್ಟೆ ಒಂದೇ ಕಡೆ ಕೂಡಿಬಂದುದರಿಂದ ರಾಗಿ ಬೆಳೆಯುತ್ತಿದ್ದ ಒಣಪ್ರದೇಶವು ಭತ್ತ ಮತ್ತು ಕಬ್ಬಿನ ನಾಡಾಯಿತು.

ಆದರೆ ಕಾಲಕ್ರಮದಲ್ಲಿ ಹಂಚಿಕೆಯ ಶಿಸ್ತು ಸಡಿಲವಾಯಿತು. ಭತ್ತ ಮತ್ತು ಕಬ್ಬು ವ್ಯಾಪಿಸಿ, ತಲೆಭಾಗದಲ್ಲಿ ನೀರು ಹೆಚ್ಚಾಗಿ, ಕೊನೆಯ ಭಾಗದ ರೈತರು ನೀರಿಗಾಗಿ ಕಾಯುವಂತಾಯಿತು. ಬಸಿಗಾಲುವೆಗಳನ್ನು ಕಡೆಗಣಿಸಿದ ಕಡೆ ಮಣ್ಣು ಸವಳಾಯಿತು. 1950ರ ದಶಕದಲ್ಲಿ ಮಂಡ್ಯ ಭಾಗದ ಎರಡು ಗ್ರಾಮಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು ಮತ್ತೊಂದು ಸಂಗತಿಯನ್ನು ಗುರುತಿಸಿದರು. ನಾಲೆಯ ನೀರು ಬಂದ ಗ್ರಾಮದಲ್ಲಿ ಆದಾಯ ಹೆಚ್ಚಿದರೂ ಜಮೀನುದಾರ ಮತ್ತು ಕೃಷಿಕಾರ್ಮಿಕರ ನಡುವಿನ ಹಳೆಯ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ನೀರು ಬಾರದ ಪಕ್ಕದ ಗ್ರಾಮದ ಜನರು ವ್ಯಾಪಾರ, ನೌಕರಿಗಳತ್ತ ತಿರುಗಿದ್ದರು. ಭೂಮಿಯಿಲ್ಲದವನ ಬಡತನವನ್ನು ನಾಲೆಯ ನೀರೊಂದೇ ನೀಗಿಸಲಾರದು ಎಂಬುದು ಇದರಿಂದ ತಿಳಿಯುತ್ತದೆ.

ಕೊನೆಯ ವರ್ಷಗಳು

ದಿವಾನಗಿರಿಯ ಬಳಿಕವೂ ಅವರು ವಿಶ್ರಮಿಸಲಿಲ್ಲ. 1920ರ ದಶಕದಲ್ಲಿ ನಷ್ಟದಲ್ಲಿದ್ದ ಭದ್ರಾವತಿ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಸುಧಾರಿಸಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯ ಅಗತ್ಯವನ್ನು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಒಡಿಶಾದ ಪ್ರವಾಹ ನಿಯಂತ್ರಣ ಕುರಿತು ವರದಿ ನೀಡಿದರು. 1943ರಲ್ಲಿ ಬೆಂಗಳೂರಿನಲ್ಲಿ ಯುವಕರಿಗೆ ಕೈಕಸುಬಿನ ತಾಂತ್ರಿಕ ಶಿಕ್ಷಣ ನೀಡುವ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷ ದಾಟಿದ ಬಾಳನ್ನು ಪೂರೈಸಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಸಂಸ್ಕಾರವು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.

ನಮ್ಮ ತೋಟಗಳಿಗೆ ಅನ್ವಯ

ಕೊಲ್ಲಮೊಗ್ರಿನಂತಹ ಗುಡ್ಡಗಾಡು ಗ್ರಾಮಗಳಿಗೆ ದೊಡ್ಡ ಅಣೆಕಟ್ಟು ಸೂಕ್ತವಲ್ಲ. ಆದರೆ ಅಳೆಯುವುದು, ಹಂಚುವುದು ಮತ್ತು ಬಸಿಯುವುದು ಎಂಬ ಮೂರು ತತ್ವಗಳು ಇಲ್ಲಿಗೂ ಅನ್ವಯಿಸುತ್ತವೆ.

1. ನೀರನ್ನು ಅಳೆಯಿರಿ. ಪಂಪಿನ ನೀರನ್ನು 20 ಲೀಟರ್ ಬಕೆಟಿಗೆ ಹಿಡಿದು ಸಮಯ ನೋಡಿ. ಅದು 10 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರ್ ನೀರು ದೊರೆಯುತ್ತಿದೆ ಎಂದರ್ಥ. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅಂದರೆ ಒಂದು ಗಂಟೆಯ ನೀರಿನಲ್ಲಿ 360 ಮರಗಳ ಅಗತ್ಯ ಪೂರೈಸಬಹುದು. ಇದಕ್ಕಿಂತ ಹೆಚ್ಚು ಹರಿಸಿದ ನೀರು ನೆರೆಯವರ ಪಾಲಿನದು.

2. ಕಟ್ಟದ ನೀರಿಗೆ ಸರದಿ ನಿಗದಿಪಡಿಸಿ. ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುವ ಸಾಮೂಹಿಕ ಪರಂಪರೆ ನಮ್ಮ ಜಿಲ್ಲೆಯದು. ಕಟ್ಟ ಹಾಕುವ ಮೊದಲೇ ಮೇಲಿನ ಮತ್ತು ಕೆಳಗಿನ ತೋಟದವರು ಒಟ್ಟಿಗೆ ಕುಳಿತು ಯಾರಿಗೆ ಯಾವ ದಿನ, ಎಷ್ಟು ಗಂಟೆ ಎಂದು ಬರೆದಿಟ್ಟುಕೊಳ್ಳುವುದು ಉತ್ತಮ. ಕಟ್ಟದ ನೀರು ಸುತ್ತಲಿನ ಬಾವಿಗಳಿಗೂ ಇಂಗುತ್ತದೆ.

3. ಬಸಿಗಾಲುವೆಯನ್ನು ಮರೆಯದಿರಿ. ಮುಂಗಾರಿಗೆ ಮೊದಲು, ಮೇ ತಿಂಗಳಿನಲ್ಲಿಯೇ ತೋಟದ ಕಣಿಗಳ ಹೂಳು ತೆಗೆದು, ಬೇರುವಲಯಕ್ಕಿಂತ ಆಳವಾಗಿರುವಂತೆ ನೋಡಿಕೊಳ್ಳಬೇಕು. ನೀರು ನಿಂತ ತೋಟದಲ್ಲಿ ಗೊಬ್ಬರವೂ ಔಷಧಿಯೂ ಫಲ ಕೊಡುವುದಿಲ್ಲ.

4. ಸಿಂಪರಣೆಯನ್ನು ಸಕಾಲದಲ್ಲಿ ಮಾಡಿ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು (1 ಕಿ.ಗ್ರಾಂ ಮೈಲುತುತ್ತು, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು) ಮಳೆ ಆರಂಭಕ್ಕೆ ಮೊದಲು ಹಾಗೂ 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು.

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಉದಾಹರಣೆಯೊಂದು ನಮ್ಮ ತಾಲ್ಲೂಕಿನಲ್ಲೇ ಇದೆ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಅಡ್ಡಲಾಗಿ ತೂಗುಸೇತುವೆ ನಿರ್ಮಿಸಿದರು. ಬಳಿಕ ಇಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಪುರಸ್ಕಾರ ದೊರೆಯಿತು. ಮಳೆಗಾಲದಲ್ಲಿ ಹೊಳೆಯ ಆಚೆ ಉಳಿದುಬಿಡುತ್ತಿದ್ದ ಕುಟುಂಬಕ್ಕೆ ಇಂತಹ ಸೇತುವೆಯೊಂದು ಶಾಲೆ, ಆಸ್ಪತ್ರೆ ಮತ್ತು ಮಾರುಕಟ್ಟೆಯ ದಾರಿಯನ್ನು ತೆರೆಯುತ್ತದೆ. ಕಟ್ಟ, ಕಿಂಡಿ ಅಣೆಕಟ್ಟು, ಕಾಲುಸಂಕ ಅಥವಾ ತಡೆಗೋಡೆಯ ಯೋಜನೆಗಳನ್ನು ಗ್ರಾಮಸಭೆಯಲ್ಲಿ ಚರ್ಚಿಸುವಾಗ ಇಂಜಿನಿಯರ್, ಕೃಷಿ ತಜ್ಞ ಮತ್ತು ಸ್ಥಳೀಯ ಕೃಷಿಕರು ಒಟ್ಟಿಗೆ ಸ್ಥಳ ಪರಿಶೀಲನೆ ನಡೆಸುವಂತೆ ಕಾರ್ಯಕರ್ತರು ಏರ್ಪಾಡು ಮಾಡಬೇಕು. ಕಾಮಗಾರಿಯಿಂದ ಯಾರಿಗೆ ನೀರು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಯಾರ ಜಾಗ ಹೋಗುತ್ತದೆ ಎಂಬುದನ್ನು ಅಂದಾಜು ಪಟ್ಟಿ ತಯಾರಿಸುವ ಮೊದಲೇ ದಾಖಲಿಸಬೇಕು. ನೀರಾ ನಾಲೆಯ ಯಶಸ್ಸು ಮತ್ತು ಮಂಡ್ಯದ ಕೊರತೆಗಳು ಇದರ ಅಗತ್ಯವನ್ನು ತೋರಿಸಿಕೊಟ್ಟಿವೆ.